ಕಾಲಿಗೆ ಎರಿ ಮಣ್ಣು ಮೆತ್ತಿಕೊಂಡ ಎಲೆಕ್ಟ್ರಾನ್

ಡೋಣಿ ಹೊಳೆ ಸಾಲಿನ ಎರಿ ಹೊಲದಲ್ಲಿ ಮಳೆ ಬಿದ್ದ ಮರುದಿನ ನಡೆದಿದ್ದೀರಾ? ಮೊದಲ ನಾಲ್ಕು ಹೆಜ್ಜೆ ಏನೂ ಅನ್ನಿಸುವುದಿಲ್ಲ. ಐದನೆಯದಕ್ಕೆ ಚಪ್ಪಲಿ ಭಾರವಾಗುತ್ತದೆ. ಹತ್ತು ದಾಟುವಷ್ಟರಲ್ಲಿ ಚಪ್ಪಲಿಯ ಕೆಳಗೆ ಇನ್ನೊಂದು ಚಪ್ಪಲಿ ಬೆಳೆದಿರುತ್ತದೆ, ಅದೂ ಮಣ್ಣಿನದು. ಹೋದ ಮುಂಗಾರಿನಲ್ಲಿ ಸೋದರಮಾವನ ಹೊಲಕ್ಕೆ ಹೋದಾಗ ನನಗೆ ಇದೇ ಆಯಿತು. ಬದುವಿನಿಂದ ಬಾವಿಯವರೆಗೆ ನೂರು ಮಾರೂ ಇರಲಿಕ್ಕಿಲ್ಲ. ಅಷ್ಟಕ್ಕೇ ಏದುಸಿರು ಬಂತು. ಮುಂದೆ ಬರಿಗಾಲಲ್ಲಿ ನಡೆಯುತ್ತಿದ್ದ ಮಾವ ತಿರುಗಿ ನೋಡಿ, "ಚಪ್ಪಲಿ ಕೈಯಾಗ ಹಿಡಿ. ಇಲ್ಲಂದ್ರ ಹೊಲಾನ ಹೊತ್ಕೊಂಡು ಮನಿಗೆ ಬರ್ತಿ" ಅಂದರು.

ನನ್ನ ತೂಕ ಆ ನೂರು ಮಾರಿನಲ್ಲಿ ಹೆಚ್ಚಿರಲಿಲ್ಲ. ಆದರೆ ನನ್ನ ನಡಿಗೆ ದುಪ್ಪಟ್ಟು ತೂಕದವನ ನಡಿಗೆಯಾಗಿತ್ತು. ದೂರದಿಂದ ನೋಡಿದವರು ನಾನು ನಡೆಯುವ ರೀತಿ ನೋಡಿಯೇ ನನ್ನ ಭಾರ ಲೆಕ್ಕ ಹಾಕಿದ್ದರೆ ತಪ್ಪು ಲೆಕ್ಕ ಬರುತ್ತಿತ್ತು. ಅಥವಾ ಒಂದು ಅರ್ಥದಲ್ಲಿ ಸರಿಯಾದ ಲೆಕ್ಕವೇ ಬರುತ್ತಿತ್ತು. ಯಾಕೆಂದರೆ ಆ ಹೊತ್ತಿಗೆ ನಾನು ಮತ್ತು ಮಣ್ಣು ಬೇರೆ ಬೇರೆ ಇರಲಿಲ್ಲ.

ವಿಜಯಪುರದ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ನನಗೆ "ಹೆವಿ ಫರ್ಮಿಯಾನ್" ಅಂದರೆ ಏನು ಎಂದು ಯಾರಾದರೂ ಕೇಳಿದರೆ ಈಗ ಈ ಹೊಲವನ್ನೇ ತೋರಿಸುತ್ತೇನೆ. ಕೆಲವು ಲೋಹಗಳಲ್ಲಿ ಎಲೆಕ್ಟ್ರಾನ್‌ಗಳು ಹೀಗೇ ನಡೆಯುತ್ತವೆ. ಎಲೆಕ್ಟ್ರಾನಿನ ಸ್ವಂತ ತೂಕ ಬದಲಾಗುವುದಿಲ್ಲ. ಆದರೆ ಲೋಹದೊಳಗೆ ಅದು ನೂರು ಪಟ್ಟು, ಕೆಲವು ಕಡೆ ಸಾವಿರ ಪಟ್ಟು ಭಾರವಿರುವಂತೆ ವರ್ತಿಸುತ್ತದೆ. ಇಂಥ ಲೋಹಗಳಲ್ಲಿ ಕಾಂತಕ್ಕೂ, ಕರೆಂಟ್ ಅಡ್ಡಿಯೇ ಇಲ್ಲದೆ ಹರಿಯುವ ಅತಿವಾಹಕತೆಗೂ ಇರುವ ನಂಟೇ ಈ ಲೇಖನದ ವಿಷಯ. ಎಲೆಕ್ಟ್ರಾನಿನ ಈ ಭಾರ ಮೊದಲು ಸ್ಪಷ್ಟವಾಗಿ ಕಂಡದ್ದು 1975ರಲ್ಲಿ. ಆಂಡ್ರೆಸ್, ಗ್ರೇಬ್ನರ್, ಓಟ್ ಎಂಬ ಮೂವರು ಸೀರಿಯಂ ಮತ್ತು ಅಲ್ಯುಮಿನಿಯಂ ಸೇರಿದ ಒಂದು ಲೋಹವನ್ನು ತುಂಬಾ ತಣ್ಣಗೆ ಮಾಡಿ, ಅದನ್ನು ಚೂರೇ ಚೂರು ಬಿಸಿ ಮಾಡಲು ಎಷ್ಟು ಶಾಖ ಬೇಕು ಎಂದು ಅಳೆದರು. ಎಲೆಕ್ಟ್ರಾನ್‌ಗಳು ಭಾರವಾದಷ್ಟೂ ಈ ಶಾಖ ಜಾಸ್ತಿ ಬೇಕು. ತಾಮ್ರದಲ್ಲಿ ಎಲೆಕ್ಟ್ರಾನ್‌ಗಳ ಪಾಲಿನ ಈ ಅಳತೆ ಸುಮಾರು 0.7 ಇದ್ದರೆ, ಅದೇ ಮಾನದಲ್ಲಿ ಇವರಿಗೆ ಸಿಕ್ಕಿದ್ದು 1620.

ಕಾಲಿಗೆ ಮೆತ್ತುವ ಮಣ್ಣು ಯಾವುದು ಹಾಗಾದರೆ? ಮೊದಲು ಸೀರಿಯಂ ಬಗ್ಗೆ ಒಂದು ಮಾತು. ನಮ್ಮ ಅಜ್ಜನ ಮನೆಯಲ್ಲಿ ಒಂದು ಗ್ಯಾಸ್‌ಬತ್ತಿ ಇತ್ತು. ಮದುವೆಗೆ, ಬಯಲಾಟಕ್ಕೆ ಊರವರು ಒಯ್ಯುತ್ತಿದ್ದರು. ಪಂಪು ಹೊಡೆದು ಹೊತ್ತಿಸಿದರೆ ಒಳಗಿನ ರೇಷ್ಮೆಯಂಥ ಚೀಲ ಬೆಳ್ಳಗೆ ಉರಿಯುತ್ತಿತ್ತು. ಒಮ್ಮೆ ಉರಿದ ಮೇಲೆ ಅದನ್ನು ಮುಟ್ಟಿದರೆ ಬೂದಿ. ನಾನು ಮುಟ್ಟಿ ಬೈಸಿಕೊಂಡಿದ್ದೇನೆ. ಆ ಮ್ಯಾಂಟಲ್‌ನಲ್ಲಿ ಇದ್ದದ್ದು ಥೋರಿಯಂ ಆಕ್ಸೈಡ್, ಅದರ ಜೊತೆಗೆ ನೂರಕ್ಕೆ ಒಂದರಷ್ಟು ಸೀರಿಯಂ ಆಕ್ಸೈಡ್. ಬೆಳಕಿಗೆ ಆ ಬಿಳುಪು ಬರುತ್ತಿದ್ದದ್ದು ಆ ಒಂದು ಪಾಲಿನಿಂದ. ಬೀಡಿ ಹಚ್ಚುವ ಲೈಟರಿನ ಕಿಡಿಕಲ್ಲಿನಲ್ಲೂ ಸೀರಿಯಂ ಇದೆ. ಹೆಸರಿಗೆ ವಿರಳ ಭಸ್ಮ ಲೋಹ, ಭೂಮಿಯಲ್ಲಿ ಮಾತ್ರ ಹೆಚ್ಚುಕಡಿಮೆ ತಾಮ್ರದಷ್ಟೇ ಸಿಗುತ್ತದೆ.

ಈ ಲೋಹಗಳಲ್ಲಿ ಸೀರಿಯಂ ಪರಮಾಣುವಿನ ಒಳಕೋಣೆಯಲ್ಲಿ ಒಂಟಿ ಎಲೆಕ್ಟ್ರಾನ್ ಒಂದು ಕೂತಿರುತ್ತದೆ. 4ಎಫ್ ಎಂದು ಅದರ ಹೆಸರು. ಒಂಟಿಯಾಗಿರುವುದರಿಂದ ಅದೊಂದು ಪುಟ್ಟ ಕಾಂತ. ಹೊರಗಡೆ ಲೋಹದ ತುಂಬಾ ಓಡಾಡುವ ಎಲೆಕ್ಟ್ರಾನ್‌ಗಳು ಬೇರೆ ಇವೆ, ಕರೆಂಟ್ ಹರಿಸುವುದು ಅವೇ. ಬೆಚ್ಚಗಿರುವಾಗ ಇಬ್ಬರಿಗೂ ಹೆಚ್ಚು ಸಂಬಂಧವಿಲ್ಲ. ತಣ್ಣಗಾಗುತ್ತಾ ಹೋದಂತೆ ಓಡಾಡುವ ಎಲೆಕ್ಟ್ರಾನ್‌ಗಳು ಆ ಪುಟ್ಟ ಕಾಂತವನ್ನು ಸುತ್ತುಗಟ್ಟುತ್ತವೆ. ಕಾಂತದ ಮುಖ ಮೇಲಿದ್ದರೆ ಇವು ಕೆಳಮುಖವಾಗಿ ನಿಂತು ಅದನ್ನು ಮುಚ್ಚಿಬಿಡುತ್ತವೆ. ಜಪಾನಿನ ಜುನ್ ಕೊಂಡೊ ಈ ಕಥೆಯ ಮೊದಲ ಎಳೆಯನ್ನು 1964ರಲ್ಲಿ ಹಿಡಿದರು. ತಣ್ಣಗಾದಂತೆ ರೆಸಿಸ್ಟೆನ್ಸ್, ಅಂದರೆ ಕರೆಂಟ್‌ಗೆ ಇರುವ ಅಡ್ಡಿ, ಇಳಿಯಬೇಕಾದ ಲೋಹದಲ್ಲಿ, ಸ್ವಲ್ಪ ಕಾಂತೀಯ ಕಲಬೆರಕೆ ಇದ್ದರೆ ಅದು ಒಂದು ಹಂತದ ಕೆಳಗೆ ಮತ್ತೆ ಏರುತ್ತಿತ್ತು. 1930ರ ದಶಕದಿಂದ ಕಾಡಿದ್ದ ಒಗಟು ಅದು. ಕೊಂಡೊ ಅದನ್ನು ಬಿಡಿಸಿದರು.

ಅವರ ಲೆಕ್ಕದಲ್ಲಿ ಕಾಂತೀಯ ಪರಮಾಣು ಅಲ್ಲೊಂದು ಇಲ್ಲೊಂದು. ಹೆವಿ ಫರ್ಮಿಯಾನ್ ಲೋಹದಲ್ಲಿ ಮಾತ್ರ ಹರಳಿನ ಪ್ರತಿ ಮನೆಯಲ್ಲೂ ಒಂದು ಸೀರಿಯಂ ಇದೆ. ಆಗ ಎಲ್ಲರೂ ಎಲ್ಲರಿಗೂ ಮೆತ್ತಿಕೊಳ್ಳುತ್ತಾರೆ. ಓಡಾಡುವ ಎಲೆಕ್ಟ್ರಾನು ಒಳಕೋಣೆಯ ಎಲೆಕ್ಟ್ರಾನನ್ನು ಎಳೆದುಕೊಂಡೇ ನಡೆಯಬೇಕು. ಎರಿ ಮಣ್ಣು ಎಂದದ್ದು ಇದಕ್ಕೆ.

ಈಗ ಸೂಪರ್‌ಕಂಡಕ್ಟರ್ ಕಡೆ ಬರೋಣ. 1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಆನ್ನೆಸ್ ಪಾದರಸವನ್ನು ದ್ರವ ಹೀಲಿಯಂನಲ್ಲಿ ತಣಿಸಿದಾಗ 4.2 ಕೆಲ್ವಿನ್‌ನಲ್ಲಿ ಅದರ ರೆಸಿಸ್ಟೆನ್ಸ್ ಇದ್ದಕ್ಕಿದ್ದಂತೆ ಮಾಯವಾಯಿತು. ಅತಿವಾಹಕತೆ ಅಂದರೆ ಇದೇ, ಹಾಗಾಗುವ ಲೋಹವೇ ಸೂಪರ್‌ಕಂಡಕ್ಟರ್. ಕೆಲ್ವಿನ್ ಲೆಕ್ಕದಲ್ಲಿ ಸೊನ್ನೆ ಅಂದರೆ ಮೈನಸ್ 273 ಡಿಗ್ರಿ. ನಮ್ಮ ವಿಜಯಪುರದ ಮೇ ತಿಂಗಳು 315ರ ಹತ್ತಿರ. ಯಾಕೆ ಹೀಗಾಗುತ್ತದೆ ಎನ್ನುವುದಕ್ಕೆ ಉತ್ತರ ಸಿಗಲು 46 ವರ್ಷ ಬೇಕಾಯಿತು. 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಹೇಳಿದ್ದು ಇಷ್ಟು: ಎಲೆಕ್ಟ್ರಾನ್‌ಗಳು ಜೋಡಿಯಾಗುತ್ತವೆ. ಒಂದು ಎಲೆಕ್ಟ್ರಾನ್ ಹಾದುಹೋಗುವಾಗ ಸುತ್ತಲಿನ ಪರಮಾಣುಗಳು ಸ್ವಲ್ಪ ಒಳಕ್ಕೆ ಸರಿಯುತ್ತವೆ, ಆ ಜಾಗದ ಸೆಳೆತಕ್ಕೆ ಇನ್ನೊಂದು ಬರುತ್ತದೆ. ಜೋಡಿಯಲ್ಲಿ ಒಂದರ ಸ್ಪಿನ್, ಅಂದರೆ ಅದರ ಪುಟ್ಟ ಕಾಂತದ ಮುಖ, ಮೇಲೆ, ಇನ್ನೊಂದರದ್ದು ಕೆಳಗೆ.

ಇಂಥ ಜೋಡಿಗೆ ಕಾಂತ ಅಂದರೆ ಆಗಿಬರುವುದಿಲ್ಲ. ಕಾಂತ ಎರಡೂ ಸ್ಪಿನ್‌ಗಳನ್ನು ಒಂದೇ ಕಡೆ ತಿರುಗಿಸಲು ನೋಡುತ್ತದೆ. ಜೋಡಿ ಬಿಡುತ್ತದೆ. 1958ರಲ್ಲಿ ಮಥಿಯಾಸ್, ಸೂಲ್, ಕೊರೆನ್ಜ್‌ವಿಟ್ ಲ್ಯಾಂಥನಂ ಎಂಬ ಸೂಪರ್‌ಕಂಡಕ್ಟರ್ ಲೋಹಕ್ಕೆ ಗ್ಯಾಡೊಲಿನಿಯಂ ಬೆರೆಸಿ ನೋಡಿದರು. ನೂರು ಪರಮಾಣುವಿಗೆ ಒಂದರಷ್ಟು ಬೆರೆಸಿದರೆ ಸಾಕು, ಅತಿವಾಹಕತೆ ಸತ್ತೇ ಹೋಗುತ್ತಿತ್ತು. 1977ರಲ್ಲಿ ಸಿಕ್ಕ ಎರ್ಬಿಯಂ-ರೋಡಿಯಂ-ಬೋರಾನ್ ಲೋಹದ ಕಥೆ ಇನ್ನೂ ಕಣ್ಣಿಗೆ ಕಟ್ಟುವಂಥದ್ದು. ತಣಿಸುತ್ತಾ ಹೋದರೆ 8.7 ಕೆಲ್ವಿನ್‌ನಲ್ಲಿ ಅದು ಸೂಪರ್‌ಕಂಡಕ್ಟರ್ ಆಗುತ್ತದೆ. ಇನ್ನೂ ತಣಿಸಿ 0.9ರ ಹತ್ತಿರ ಒಯ್ದರೆ ಎರ್ಬಿಯಂ ಪರಮಾಣುಗಳೆಲ್ಲ ಕಾಂತವಾಗಿ ಸಾಲುಗಟ್ಟುತ್ತವೆ. ಅತಿವಾಹಕತೆ ಕಾಲುಕೀಳುತ್ತದೆ. ಹೀಗೆ ಪುಸ್ತಕಗಳಲ್ಲಿ ಒಂದು ನಿಯಮವೇ ಕೂತುಬಿಟ್ಟಿತು: ಕಾಂತ ಇದ್ದಲ್ಲಿ ಅತಿವಾಹಕತೆ ಇಲ್ಲ.

ಇದನ್ನೇ ನಾನು ಹೋದ ವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಇಂಡಿ ತಾಲ್ಲೂಕಿನಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಮ್ಮ ಅವ್ವನ ಎಮ್‌ಆರ್‌ಐ ಮಾಡ್ಸಿದಾಗ ಮಂಗಳಸೂತ್ರ ತಗಸಿದ್ರು. ಒಳಗ ದೊಡ್ಡ ಕಾಂತ ಅದ, ಅದು ಸೂಪರ್‌ಕಂಡಕ್ಟರಿಂದ ಆಗೇದ ಅಂತ ನೀವ ಹೇಳಿದ್ರಿ. ಮತ್ತ ಕಾಂತ ಅದಕ್ಕ ವೈರಿ ಅಂತೀರಲ್ರಿ?" ಅಂದಳು. ಒಳ್ಳೆಯ ಪ್ರಶ್ನೆ. ಎಮ್‌ಆರ್‌ಐ ಒಳಗಿರುವುದು ನಿಯೋಬಿಯಂ-ಟೈಟೇನಿಯಂ ತಂತಿಯ ಸುರುಳಿ. ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ಅದು ಹುಟ್ಟಿಸುವ 1.5 ಅಥವಾ 3 ಟೆಸ್ಲಾ (ಕಾಂತದ ಬಲ ಅಳೆಯುವ ಮಾನ) ಕಾಂತವನ್ನು ಅದೇ ತಡೆದುಕೊಳ್ಳುತ್ತದೆ. ಆದರೆ ಒಂದು ಮಿತಿಯವರೆಗೆ ಮಾತ್ರ. ಮಿತಿ ದಾಟಿದರೆ ಸತ್ತುಹೋಗುತ್ತದೆ. ಹಾಗಾಗಿ ವೈರತ್ವ ನಿಜ ಎಂದೆ. ಆದರೆ ಆ ಉತ್ತರ ಪೂರ್ತಿ ಅಲ್ಲ ಎಂದು ನನಗೆ ಗೊತ್ತಿತ್ತು. ಈ ಲೇಖನ ಉಳಿದ ಅರ್ಧ ಉತ್ತರ.

1979ರ ಕೊನೆಗೆ ಜರ್ಮನಿಯ ಫ್ರಾಂಕ್ ಸ್ಟೆಗ್ಲಿಷ್ ಮತ್ತು ಜೊತೆಗಾರರು ಒಂದು ಪ್ರಬಂಧ ಪ್ರಕಟಿಸಿದರು. ಸೀರಿಯಂ ಒಂದು ಪಾಲು, ತಾಮ್ರ ಎರಡು, ಸಿಲಿಕಾನ್ ಎರಡು ಸೇರಿದ ಲೋಹ ಸುಮಾರು ಅರ್ಧ ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ ಎಂದರು. ಬಹಳ ಜನ ನಂಬಲಿಲ್ಲ. ನೂರರಲ್ಲಿ ಒಂದು ಕಾಂತೀಯ ಪರಮಾಣು ಸಾಕು ಕೊಲ್ಲಲು ಎಂದು ಎಲ್ಲರಿಗೂ ಗೊತ್ತಿದ್ದಾಗ, ಐದರಲ್ಲಿ ಒಂದು ಕಾಂತೀಯ ಪರಮಾಣು ಇರುವ ಲೋಹ ಬದುಕುವುದು ಹೇಗೆ? ಕಲಬೆರಕೆ ಇರಬೇಕು ಎಂದರು. ಸ್ಟೆಗ್ಲಿಷ್ ಅವರ ಕೈಯಲ್ಲಿ ಎರಡು ಗಟ್ಟಿ ಸಾಕ್ಷಿ ಇದ್ದವು. ಮೊದಲನೆಯದು, ಸೀರಿಯಂ ತೆಗೆದು ಅದೇ ಜಾಗಕ್ಕೆ ಕಾಂತವಿಲ್ಲದ ಲ್ಯಾಂಥನಂ ಇಟ್ಟರೆ ಅತಿವಾಹಕತೆ ಕಾಣೆಯಾಗುತ್ತದೆ. ಅಂದರೆ ಕೊಲೆಗಾರ ಎಂದುಕೊಂಡವನು ಮನೆಯಲ್ಲಿದ್ದರೆ ಮಾತ್ರ ಮಗು ಬದುಕುತ್ತದೆ! ಎರಡನೆಯದು ಶಾಖದ ಅಳತೆ. ಅತಿವಾಹಕತೆ ಶುರುವಾಗುವ ಜಾಗದಲ್ಲಿ ಶಾಖದ ಗೆರೆ ದೊಡ್ಡದಾಗಿ ಜಿಗಿಯುತ್ತದೆ. ಎಷ್ಟು ದೊಡ್ಡದು ಅಂದರೆ, ಮಣ್ಣು ಮೆತ್ತಿಕೊಂಡ ಆ ಭಾರದ ಎಲೆಕ್ಟ್ರಾನ್‌ಗಳೇ ಜೋಡಿಯಾಗಿರಬೇಕು. ಎಲ್ಲೋ ಮೂಲೆಯಲ್ಲಿದ್ದ ಕಲಬೆರಕೆಯಿಂದ ಅಷ್ಟು ಜಿಗಿತ ಬರುವುದಿಲ್ಲ.

ಇಲ್ಲೊಂದು ಸಂಕಟದ ಕಥೆ ಸೇರಿಸಲೇಬೇಕು. 1975ರಲ್ಲೇ, ಅಂದರೆ ನಾಲ್ಕು ವರ್ಷ ಮೊದಲೇ, ಬುಖರ್ ಮತ್ತು ಜೊತೆಗಾರರು ಯುರೇನಿಯಂ-ಬೆರಿಲಿಯಂ ಲೋಹವೊಂದರಲ್ಲಿ ಒಂದು ಕೆಲ್ವಿನ್ ಹತ್ತಿರ ಅತಿವಾಹಕತೆ ನೋಡಿದ್ದರು. ಆದರೆ ಅದು ಒಳಗೆ ಉಳಿದುಕೊಂಡ ಶುದ್ಧ ಯುರೇನಿಯಂ ಎಳೆಗಳದ್ದು ಎಂದು ಬರೆದು ಮುಂದೆ ಹೋದರು. 1983ರಲ್ಲಿ ಓಟ್ ಮತ್ತು ತಂಡ ಅದೇ ಲೋಹವನ್ನು ಮತ್ತೆ ಅಳೆದರು. ಇಡೀ ಲೋಹವೇ ಸೂಪರ್‌ಕಂಡಕ್ಟರ್ ಆಗಿತ್ತು. ಮೊದಲು ಕಂಡವರು ದಡ್ಡರಲ್ಲ. ಪುಸ್ತಕದ ನಿಯಮ ಅಷ್ಟು ಗಟ್ಟಿಯಾಗಿ ತಲೆಯಲ್ಲಿ ಕೂತಿತ್ತು, ಕಣ್ಣು ಕಂಡದ್ದನ್ನು ತಲೆ ಒಪ್ಪಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಮ್ಮ ಲ್ಯಾಬಿನಲ್ಲಿ ಹುಡುಗರು "ರೀಡಿಂಗ್ ತಪ್ಪು ಬಂತು ಸರ್" ಎಂದು ಹೊಡೆದುಹಾಕಿದ ಅಂಕಿಗಳನ್ನು ಈಗ ನಾನು ಒಮ್ಮೆ ನೋಡದೆ ಬಿಡುವುದಿಲ್ಲ.

ಹಾಗಾದರೆ ಕಾಂತ ಇಲ್ಲಿ ಏನು ಮಾಡುತ್ತಿದೆ?

ಓಡಾಡುವ ಎಲೆಕ್ಟ್ರಾನ್‌ಗಳು ಪುಟ್ಟ ಕಾಂತವನ್ನು ಸುತ್ತುಗಟ್ಟಿ ಮುಚ್ಚುತ್ತವೆ ಎಂದೆ. ಅವೇ ಎಲೆಕ್ಟ್ರಾನ್‌ಗಳು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಗೋಳಗುಮ್ಮಟದ ಪಿಸುಮಾತಿನ ಮಾಳಿಗೆಗೆ ಹೋದವರಿಗೆ ಗೊತ್ತು. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿದರೆ ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿ ಇಟ್ಟವರಿಗೆ ಕೇಳಿಸುತ್ತದೆ. ಇಬ್ಬರೂ ಮುಟ್ಟಿಲ್ಲ, ಮಾತನ್ನು ಒಯ್ದದ್ದು ನಡುವಿನ ಗಾಳಿ ಮತ್ತು ಗೋಡೆಯ ಬಾಗು. ಹಾಗೆಯೇ ಒಂದು ಸೀರಿಯಂ ತನ್ನ ಕಾಂತದ ಮುಖ ಯಾವ ಕಡೆ ಇದೆ ಎಂದು ಓಡಾಡುವ ಎಲೆಕ್ಟ್ರಾನ್‌ಗಳ ಮೂಲಕ ದೂರದ ಇನ್ನೊಂದು ಸೀರಿಯಂಗೆ ತಿಳಿಸುತ್ತದೆ. ಇದಕ್ಕೆ ನಾಲ್ಕು ವಿಜ್ಞಾನಿಗಳ ಹೆಸರಿನ ಮೊದಲಕ್ಷರ ಸೇರಿಸಿ ಆರ್‌ಕೆಕೆವೈ ಎನ್ನುತ್ತಾರೆ. ಈ ಪಿಸುಮಾತು ಗೆದ್ದರೆ ಕಾಂತಗಳೆಲ್ಲ ಸಾಲುಗಟ್ಟುತ್ತವೆ. ಹೆಚ್ಚಾಗಿ ಒಂದು ಮೇಲೆ, ಪಕ್ಕದ್ದು ಕೆಳಗೆ, ಮತ್ತೊಂದು ಮೇಲೆ. ಆಂಟಿಫೆರೋಮ್ಯಾಗ್ನೆಟ್ ಅಂದರೆ ಇದೇ.

ಒಂದೇ ಎಲೆಕ್ಟ್ರಾನ್ ಗುಂಪು, ಎರಡು ಕೆಲಸ. ಕಾಂತದ ಬಾಯಿ ಮುಚ್ಚಿಸುವುದು, ಕಾಂತದ ಮಾತು ಒಯ್ಯುವುದು. ಹಗ್ಗ ಜಗ್ಗಾಟ. 1977ರಲ್ಲಿ ಡೋನಿಯಾಕ್ ಈ ಜಗ್ಗಾಟದ ನಕ್ಷೆ ಬರೆದರು. ಎಡಗಡೆ ಕಾಂತ ಗೆಲ್ಲುತ್ತದೆ, ಬಲಗಡೆ ಭಾರದ ಎಲೆಕ್ಟ್ರಾನ್‌ಗಳ ಲೋಹ ಗೆಲ್ಲುತ್ತದೆ. ನಡುವೆ ಸಮಬಲ.

ಸೀರಿಯಂ ಲೋಹವನ್ನು ಹಿಂಡಿದರೆ, ಒತ್ತಡ ಹಾಕಿದರೆ, ಬಾಯಿ ಮುಚ್ಚಿಸುವವರ ಬಲ ಹೆಚ್ಚುತ್ತದೆ. ಎಂದರೆ ಒತ್ತಡ ನಮ್ಮ ಕೈಯಲ್ಲಿರುವ ತಿರುಪು. 1998ರಲ್ಲಿ ಕೇಂಬ್ರಿಜ್‌ನ ಮಾಥುರ್, ಲಾಂಜರಿಚ್ ಮತ್ತು ಜೊತೆಗಾರರು ಇದನ್ನೇ ಮಾಡಿದರು. ಸೀರಿಯಂ-ಪಲ್ಲಾಡಿಯಂ-ಸಿಲಿಕಾನ್ ಹರಳು ಮಾಮೂಲಿ ಒತ್ತಡದಲ್ಲಿ 10 ಕೆಲ್ವಿನ್ ಕೆಳಗೆ ಆಂಟಿಫೆರೋಮ್ಯಾಗ್ನೆಟ್. ಹಿಂಡುತ್ತಾ ಹೋದಂತೆ ಈ 10 ಇಳಿಯುತ್ತಾ ಬಂತು. 28 ಕಿಲೋಬಾರ್ ಹತ್ತಿರ ಸೊನ್ನೆಗೆ ಮುಟ್ಟುವಂತಾಯಿತು. ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವಾಗ ಒಳಗೆ ಹೆಚ್ಚಾಗಿರುವುದು ಸುಮಾರು ಒಂದು ಬಾರ್, ಇದು ಅದರ 28,000 ಪಟ್ಟು. ಸರಿಯಾಗಿ ಆ ಜಾಗದಲ್ಲಿ, ಕಾಂತದ ಉಸಿರು ನಿಲ್ಲುವ ಅಂಚಿನಲ್ಲಿ, 0.4 ಕೆಲ್ವಿನ್‌ನಷ್ಟು ತಣ್ಣಗೆ ಅತಿವಾಹಕತೆ ಕಾಣಿಸಿಕೊಂಡಿತು. ಒತ್ತಡ ಇನ್ನೂ ಹೆಚ್ಚಿಸಿದರೆ ಅದೂ ಹೋಯಿತು. ನಕ್ಷೆಯಲ್ಲಿ ನೋಡಿದರೆ ಕಾಂತದ ಗೆರೆ ಇಳಿದು ನೆಲ ಮುಟ್ಟುವ ಕಡೆ ಒಂದು ಸಣ್ಣ ಗುಮ್ಮಟ ಎದ್ದ ಹಾಗೆ. ಸೀರಿಯಂ-ಇಂಡಿಯಂ ಲೋಹದಲ್ಲೂ ಹಾಗೇ ಆಯಿತು. ಹರಳು ತುಂಬಾ ಶುದ್ಧವಾಗಿದ್ದರೆ ಮಾತ್ರ.

ನನ್ನ ಮಟ್ಟಿಗೆ ಈ ವಿಷಯದ ಹೃದಯ ಈ ಗುಮ್ಮಟವೇ. ಸಾಲುಗಟ್ಟಿ ನಿಂತ ಕಾಂತ ಅತಿವಾಹಕತೆಗೆ ಅಡ್ಡಿ. ಸಾಲು ಮುರಿದ, ಆದರೆ ಇನ್ನೂ ಸುಮ್ಮನಾಗದ ಕಾಂತ ಅದಕ್ಕೆ ಆಸರೆ. ಆ ಅಂಚಿನಲ್ಲಿ ಸ್ಪಿನ್‌ಗಳು ಒಂದು ಕಡೆ ನಿಲ್ಲುವುದಿಲ್ಲ, ತುಯ್ದಾಡುತ್ತಲೇ ಇರುತ್ತವೆ. ಬಿಸಿಯಿಂದ ಅಲ್ಲ, ಬಿಸಿ ಎಲ್ಲಿದೆ ಅಲ್ಲಿ? ಕ್ವಾಂಟಮ್ ನಿಯಮದಿಂದಲೇ ಬರುವ ತುಯ್ದಾಟ ಅದು.

ಈ ತುಯ್ದಾಟ ಜೋಡಿ ಕಟ್ಟುವುದು ಹೀಗೆ. ಮೇಲ್ಮುಖ ಸ್ಪಿನ್ ಇರುವ ಎಲೆಕ್ಟ್ರಾನ್ ಒಂದು ಜಾಗಕ್ಕೆ ಬಂತು ಅನ್ನಿ. ಸುತ್ತಲಿನ ಮನೆಗಳು ಕೆಳಮುಖದ ಕಡೆ ವಾಲುತ್ತವೆ. ಆಗ ಕೆಳಮುಖದ ಇನ್ನೊಂದು ಎಲೆಕ್ಟ್ರಾನ್‌ಗೆ ಪಕ್ಕದ ಮನೆ ಹಿತವಾಗುತ್ತದೆ. ಪಕ್ಕದ ಮನೆ ಮಾತ್ರ. ಅದೇ ಮನೆಗೆ ಬಂದರೆ ಆಗುವುದಿಲ್ಲ, ಒಂದನ್ನೊಂದು ತಳ್ಳುತ್ತವೆ. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾದ ಮೇಲೆ ಒಂದೇ ಗೋಡೆ ನಡುವೆ ಇಟ್ಟುಕೊಂಡು ಚೆನ್ನಾಗಿರುತ್ತಾರಲ್ಲ, ಹಾಗೆ. ಬಾರ್ಡೀನ್ ಮತ್ತು ಜೊತೆಗಾರರ ಜೋಡಿಗೆ ಎಲ್ಲ ದಿಕ್ಕೂ ಒಂದೇ. ಈ ಜೋಡಿಗೆ ಕೆಲವು ದಿಕ್ಕು ಗಟ್ಟಿ, ಕೆಲವು ದಿಕ್ಕಿನಲ್ಲಿ ಬಂಧವೇ ಇಲ್ಲ. ಡಿ-ವೇವ್ ಎಂದು ಇದರ ಹೆಸರು. 2001ರಲ್ಲಿ ಸಿಕ್ಕ ಸೀರಿಯಂ-ಕೋಬಾಲ್ಟ್-ಇಂಡಿಯಂ ಲೋಹ, ಮಾಮೂಲಿ ಒತ್ತಡದಲ್ಲೇ 2.3 ಕೆಲ್ವಿನ್‌ಗೆ ಸೂಪರ್‌ಕಂಡಕ್ಟರ್ ಆಗುತ್ತದೆ, ಇದಕ್ಕೆ ಒಳ್ಳೆಯ ಉದಾಹರಣೆ. ಇದೇ ಕಟ್ಟಡದಲ್ಲಿ ಪ್ಲುಟೋನಿಯಂ ಇಟ್ಟು ಮಾಡಿದ ಲೋಹ 2002ರಲ್ಲಿ 18.5 ಕೆಲ್ವಿನ್ ಮುಟ್ಟಿತು. ಹೆವಿ ಫರ್ಮಿಯಾನ್ ಬಳಗದಲ್ಲಿ ಅದು ಆಕಾಶದೆತ್ತರ.

ಜೋಡಿ ಕಟ್ಟಿದ್ದು ಕಾಂತದ ತುಯ್ದಾಟವೇ ಎಂದು ತೋರಿಸುವುದು ಸುಲಭವಲ್ಲ. 2011ರಲ್ಲಿ ಡ್ರೆಸ್ಡೆನ್ ಕಡೆಯ ತಂಡ ಸ್ಟೆಗ್ಲಿಷ್ ಅವರ ಹಳೆಯ ಸೀರಿಯಂ-ತಾಮ್ರ-ಸಿಲಿಕಾನ್ ಹರಳಿನ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿತು. ನ್ಯೂಟ್ರಾನು ಸ್ವತಃ ಪುಟ್ಟ ಕಾಂತ, ಹಾಗಾಗಿ ಒಳಗಿನ ಸ್ಪಿನ್‌ಗಳ ತುಯ್ದಾಟ ಅದಕ್ಕೆ ತಿಳಿಯುತ್ತದೆ. ಅತಿವಾಹಕತೆ ಬಂದಾಗ ಕಾಂತದ ಲೆಕ್ಕದಲ್ಲಿ ಉಳಿತಾಯವಾಗುವ ಶಕ್ತಿ, ಅತಿವಾಹಕತೆಗೆ ಬೇಕಾದದ್ದಕ್ಕಿಂತ 20 ಪಟ್ಟಿನಷ್ಟು ಹೆಚ್ಚಿತ್ತು. ಮನೆ ಖರ್ಚು ಹೊರಲು ಈ ಗಳಿಕೆ ಧಾರಾಳ ಸಾಕು ಎಂದಾಯಿತು. ಆದರೆ 2014ರಲ್ಲಿ ಜಪಾನಿನ ಅಳತೆಗಳು, ಇದೇ ಹರಳಿನಲ್ಲಿ ಎಲ್ಲ ದಿಕ್ಕಿನಲ್ಲೂ ಬಂಧ ಇದೆ, ಡಿ-ವೇವ್‌ನಂತೆ ಎಲ್ಲೂ ಸೊನ್ನೆಯಾಗುವುದಿಲ್ಲ ಎಂದವು. ಜೋಡಿ ಕಟ್ಟುವ ಅಂಟು ಕಾಂತದ್ದೇ ಇರಬಹುದು, ಜೋಡಿಯ ಆಕಾರ ಮಾತ್ರ ನಾವು ಎಣಿಸಿದಷ್ಟು ಸರಳ ಅಲ್ಲ. ಹುಟ್ಟಿ 35 ವರ್ಷದ ಮೇಲೂ ಈ ಹರಳು ತನ್ನ ತಂದೆಯರಿಗೆ ಪೂರ್ತಿ ಅರ್ಥವಾಗಿರಲಿಲ್ಲ.

ಇದರ ಇನ್ನೊಂದು ಗುಣ ನನಗೆ ಬಹಳ ಇಷ್ಟ. ಕುಲುಮೆಯಲ್ಲಿ ತಾಮ್ರ ಕೂದಲೆಳೆಯಷ್ಟು ಕಡಿಮೆ ಬಿದ್ದರೆ ಹರಳು ಕಾಂತವಾಗುತ್ತದೆ. ಕೂದಲೆಳೆಯಷ್ಟು ಹೆಚ್ಚು ಬಿದ್ದರೆ ಸೂಪರ್‌ಕಂಡಕ್ಟರ್ ಆಗುತ್ತದೆ. ಮೊದಮೊದಲು ಬೇರೆ ಲ್ಯಾಬ್‌ಗಳಿಗೆ ಬೇರೆ ಬೇರೆ ಉತ್ತರ ಬಂದದ್ದು ಇದರಿಂದಲೇ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವ ಗೆಳೆಯನಿಗೆ ಇದನ್ನು ಹೇಳಿದೆ. ಅವನಿಗೆ ಏನೂ ಆಶ್ಚರ್ಯವಾಗಲಿಲ್ಲ. "ಎರಕದಾಗ ಕಾಲು ಪರ್ಸೆಂಟ್ ಹೆಚ್ಚುಕಮ್ಮಿ ಆದ್ರ ಪೀಸ್ ರಿಜೆಕ್ಟ್ ಆಗತದ. ನಿಮ್ಮದು ಬ್ಯಾರೆ ಏನ್ ಅದ?" ಅಂದ.

ಇವತ್ತಿನ ಜಗಳ ಇರುವುದು ಯುರೇನಿಯಂ ಡೈಟೆಲ್ಯುರೈಡ್ ಎಂಬ ಹರಳಿನ ಸುತ್ತ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ನಿಲ್ದಾಣ. 2000ದಲ್ಲಿ ಯುರೇನಿಯಂ-ಜರ್ಮೇನಿಯಂ ಲೋಹದಲ್ಲಿ ಫೆರೋಮ್ಯಾಗ್ನೆಟ್ ಆಗಿರುವಾಗಲೇ ಅತಿವಾಹಕತೆ ಸಿಕ್ಕಿತು. ಆಂಟಿಫೆರೋ ಅಲ್ಲ, ಕಬ್ಬಿಣದಂತೆ ಎಲ್ಲ ಕಾಂತವೂ ಒಂದೇ ಕಡೆ ಮುಖ ಮಾಡಿದ ಫೆರೋಮ್ಯಾಗ್ನೆಟ್! ಹಿಂಡಿದರೆ ಬರುತ್ತದೆ, ಕಾಂತ ಹೋದರೆ ತಾನೂ ಹೋಗುತ್ತದೆ. ಮೇಲೊಂದು ಕೆಳಗೊಂದು ಸ್ಪಿನ್ ಇರುವ ಜೋಡಿಗೆ ಅಲ್ಲಿ ಬದುಕುವುದು ಕಷ್ಟ. ಎರಡೂ ಸ್ಪಿನ್ ಒಂದೇ ಕಡೆ ಇರುವ ಜೋಡಿಯಾಗಿರಬೇಕು. ಇಂಥದ್ದನ್ನು ಸ್ಪಿನ್-ಟ್ರಿಪ್ಲೆಟ್ ಎನ್ನುತ್ತಾರೆ. ಲೋಹಗಳಲ್ಲಿ ಬಹಳ ಅಪರೂಪ.

2019ರಲ್ಲಿ ಅಮೆರಿಕದ ಶೆಂಗ್ ರಾನ್, ನಿಕೋಲಸ್ ಬುಚ್ ಮತ್ತು ಜೊತೆಗಾರರು ಯುರೇನಿಯಂ ಡೈಟೆಲ್ಯುರೈಡ್ 1.6 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಎಂದು ಪ್ರಕಟಿಸಿದರು. ಇದು ಫೆರೋಮ್ಯಾಗ್ನೆಟ್ ಆಗುವ ಹೊಸ್ತಿಲಲ್ಲಿದೆ, ಆಗಿಲ್ಲ ಎನ್ನುವುದು ಅವರ ಓದು. ಆಮೇಲೆ ಬಂದ ಅಳತೆಗಳು ಬೆರಗು ಹುಟ್ಟಿಸಿದವು. ಹರಳಿನ ಒಂದು ದಿಕ್ಕಿಗೆ ಕಾಂತಕ್ಷೇತ್ರ ಹಾಕಿದರೆ 35 ಟೆಸ್ಲಾ ತನಕ ಅದು ಬಗ್ಗುವುದಿಲ್ಲ. ದಿಕ್ಕನ್ನು ಸ್ವಲ್ಪ ವಾಲಿಸಿದರೆ ಮೊದಲು ಸಾಯುತ್ತದೆ. 40 ಟೆಸ್ಲಾ ದಾಟಿದ ಮೇಲೆ ಎದ್ದು ಕೂರುತ್ತದೆ! 60 ದಾಟಿದರೂ ಬದುಕಿರುತ್ತದೆ. ಎಮ್‌ಆರ್‌ಐ 1.5 ಅಂದೆನಲ್ಲ, ಅದರ 40 ಪಟ್ಟು. ಇಷ್ಟು ದೊಡ್ಡ ಕ್ಷೇತ್ರವನ್ನು ಕೆಲವು ಮಿಲಿಸೆಕೆಂಡ್ ಮಾತ್ರ ಮಿಂಚಿಸಿ ಅಳೆಯುತ್ತಾರೆ. 2025ರಲ್ಲಿ ಬಂದ ಅಧ್ಯಯನವೊಂದು, ಮತ್ತೆ ಎದ್ದು ಬರುವ ಈ ಅತಿವಾಹಕತೆ ಹರಳಿನ ಒಂದು ಅಕ್ಷದ ಸುತ್ತ ಬಳೆಯಂತೆ ಹಬ್ಬಿದೆ ಎಂದು ತೋರಿಸಿತು.

ಕಾಂತ ಕೊಲ್ಲುತ್ತದೆ ಎಂದು ಶುರುವಾದ ಕಥೆ ಕಾಂತ ಬದುಕಿಸುತ್ತದೆ ಎನ್ನುವಲ್ಲಿಗೆ ಬಂದಿತು. ಆದರೆ ಇಲ್ಲಿ ನಿಲ್ಲಿಸಿದರೆ ಓದುಗರಿಗೆ ಅರ್ಧ ಸತ್ಯ ಹೇಳಿದಂತೆ.

ಮೊದಮೊದಲ ಕೆಲವು ಹರಳುಗಳಲ್ಲಿ ಶಾಖದ ಗೆರೆ ಎರಡು ಸಲ ಜಿಗಿಯುತ್ತಿತ್ತು. ಎರಡು ಬಗೆಯ ಜೋಡಿಗಳು ಕೂಡಿವೆ ಎಂದು ದೊಡ್ಡ ಪತ್ರಿಕೆಗಳಲ್ಲೇ ಬಂತು. ಬೆಳಕು ಹಾಯಿಸಿದಾಗ ಸಿಕ್ಕ ಸೂಕ್ಷ್ಮ ತಿರುವೂ ಅದನ್ನೇ ಹೇಳುವಂತಿತ್ತು. ಇದರಿಂದ ಕ್ವಾಂಟಮ್ ಕಂಪ್ಯೂಟರಿಗೆ ಬೇಕಾದ ಮಜೋರಾನಾ ಎಂಬ ಸ್ಥಿತಿ ಸಿಗಬಹುದು ಎಂಬ ಆಸೆಯೂ ಎದ್ದಿತು. ಆಮೇಲೆ 2022ರಲ್ಲಿ ಜಪಾನಿನವರು ಕರಗಿದ ಉಪ್ಪಿನೊಳಗೆ ಹರಳು ಬೆಳೆಸುವ ದಾರಿ ಕಂಡುಕೊಂಡರು. ಈ ಹೊಸ ಹರಳುಗಳು ಬಹಳ ಶುದ್ಧ, 2.1 ಕೆಲ್ವಿನ್‌ನಲ್ಲೇ ಸೂಪರ್‌ಕಂಡಕ್ಟರ್ ಆಗುತ್ತವೆ. ಇವುಗಳಲ್ಲಿ ಜಿಗಿತ ಒಂದೇ. ಬೆಳಕಿನ ತಿರುವು ಕಾಣಲಿಲ್ಲ. ಶಬ್ದದ ಅಲೆ ಹಾಯಿಸಿದ ಪ್ರಯೋಗವೂ ಒಂದೇ ಬಗೆಯ ಜೋಡಿ ಎಂದಿತು. ಇನ್ನೂ ಒಂದು ಪೆಟ್ಟು: ನ್ಯೂಟ್ರಾನ್ ಪ್ರಯೋಗಗಳಿಗೆ ಕಂಡದ್ದು ಫೆರೋಮ್ಯಾಗ್ನೆಟ್‌ನ ತುಯ್ದಾಟ ಅಲ್ಲ, ಆಂಟಿಫೆರೋಮ್ಯಾಗ್ನೆಟ್‌ನದ್ದು. ಹೊಸ್ತಿಲು ಇದೆ, ಯಾವ ಮನೆಯ ಹೊಸ್ತಿಲು ಎನ್ನುವುದೇ ಚರ್ಚೆ.

ಸ್ಪಿನ್-ಟ್ರಿಪ್ಲೆಟ್ ಎಂಬ ಮಾತು ಈ ಏಟುಗಳನ್ನು ತಡೆದುಕೊಂಡು ನಿಂತಿದೆ. ಅದನ್ನು ನಾನೂ ನಂಬುತ್ತೇನೆ, ಅಷ್ಟು ದೊಡ್ಡ ಕ್ಷೇತ್ರಕ್ಕೆ ಬೇರೆ ವಿವರಣೆ ಹೊಂದುವುದಿಲ್ಲ. ಅಂಟು ಯಾವುದು, ಜೋಡಿಯ ನಿಖರ ಆಕಾರ ಯಾವುದು ಎಂಬುದು ತೀರ್ಮಾನವಾಗಿಲ್ಲ. ಸೀರಿಯಂ ಬಳಗದಲ್ಲಿ ಕಾಂತದ ತುಯ್ದಾಟದ ಕಥೆ ಬಹುಪಾಲು ನಿಂತಿದೆ ಎಂದು ನನ್ನ ಅನಿಸಿಕೆ. ಯುರೇನಿಯಂ ಬಳಗದಲ್ಲಿ ಅವಸರ ಮಾಡಿದವರೆಲ್ಲ ಒಂದು ಹರಳು ಹಿಂದೆ ಬಿದ್ದಿದ್ದಾರೆ.

ನಮಗೇನು ಇದರಿಂದ ಎಂದು ಕೇಳುವವರಿದ್ದಾರೆ. 2023ರ ಜುಲೈನಲ್ಲಿ ಕೊರಿಯಾದಿಂದ ಎಲ್‌ಕೆ-99 ಸುದ್ದಿ ಬಂದಾಗ ನನ್ನ ಫೋನ್ ತುಂಬಾ ವಿಡಿಯೊ. ರೂಮಿನ ಬಿಸಿಯಲ್ಲೇ ಸೂಪರ್‌ಕಂಡಕ್ಟರ್ ಅಂತೆ ಸರ್, ಕರೆಂಟ್ ಬಿಲ್ ಇರಲ್ಲಂತೆ ಸರ್. ಕೆಲವೇ ವಾರದಲ್ಲಿ ಅದು ಒಳಗೆ ಉಳಿದ ತಾಮ್ರದ ಸಲ್ಫೈಡ್‌ನ ಆಟ ಎಂದು ಬೇರೆ ಲ್ಯಾಬ್‌ಗಳು ತೋರಿಸಿದವು. ಹೆವಿ ಫರ್ಮಿಯಾನ್ ಲೋಹಗಳಿಂದ ತಂತಿ ಬರುವುದಿಲ್ಲ, ಬಿಲ್ಲು ಇಳಿಯುವುದಿಲ್ಲ. ಅವು ಬೇಕಾಗಿರುವುದು ಬೇರೆ ಕಾರಣಕ್ಕೆ. ಅಲ್ಯುಮಿನಿಯಂ 1.2 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್, ಆದರೆ ಅದರ ಎಲೆಕ್ಟ್ರಾನ್‌ಗಳ ಸ್ವಂತ ಓಟದ ಶಕ್ತಿಯನ್ನು ಕೆಲ್ವಿನ್‌ನಲ್ಲಿ ಅಳೆದರೆ ಅದು ಒಂದು ಲಕ್ಷಕ್ಕೂ ಮೇಲೆ. ಲಕ್ಷದಲ್ಲಿ ಒಂದು ಪಾಲು. ಸ್ಟೆಗ್ಲಿಷ್ ಅವರ ಲೋಹದಲ್ಲಿ ಆ ಅಳತೆ ಬರೀ 10 ಕೆಲ್ವಿನ್ ಆಸುಪಾಸು, ಅತಿವಾಹಕತೆ 0.6ರ ಹತ್ತಿರ. ನೂರರಲ್ಲಿ ಐದಾರು ಪಾಲು! ತನ್ನ ಎಲೆಕ್ಟ್ರಾನ್‌ಗಳ ಲೆಕ್ಕದಲ್ಲಿ ನೋಡಿದರೆ ಇದು ಬಹಳ ಬಿಸಿಯ ಸೂಪರ್‌ಕಂಡಕ್ಟರ್. ಅದೇ ಕಾಂತದ ಅಂಟು ಹಗುರ ಎಲೆಕ್ಟ್ರಾನ್‌ಗಳ ಮೇಲೆ ಕೆಲಸ ಮಾಡಿದರೆ ಎಷ್ಟು ಬಿಸಿಗೆ ಹೋಗಬಹುದು? 1986ರ ತಾಮ್ರದ ಆಕ್ಸೈಡ್‌ಗಳು, 2008ರ ಕಬ್ಬಿಣದ ಸೂಪರ್‌ಕಂಡಕ್ಟರ್‌ಗಳು ಎರಡರ ನಕ್ಷೆಯಲ್ಲೂ ಕಾಂತದ ಪಕ್ಕದಲ್ಲೇ ಗುಮ್ಮಟ ಇದೆ. ಅಲ್ಲಿ ನೂರಾರು ಕೆಲ್ವಿನ್ ಆಟ, ತಿರುಪು ತಿರುಗಿಸುವುದು ಕಷ್ಟ. ಸೀರಿಯಂನಲ್ಲಿ ಎಲ್ಲವೂ ಕೆಲವೇ ಕೆಲ್ವಿನ್, ಹಿಂಡಿದರೆ ಬಗ್ಗುತ್ತದೆ, ಕಾಂತ ಹಾಕಿದರೆ ಬಗ್ಗುತ್ತದೆ. ಪಾಠ ಕಲಿಯಲು ಇದೇ ಸರಿಯಾದ ಹಲಗೆ.

ನಮ್ಮ ದೇಶದ ಕೈಯೂ ಇದರಲ್ಲಿದೆ. 1994ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಾಗರಾಜನ್, ಗುಪ್ತಾ, ಮಜುಂದಾರ್ ಮತ್ತು ಜೊತೆಗಾರರು ಇಟ್ರಿಯಂ-ನಿಕಲ್-ಬೋರಾನ್-ಕಾರ್ಬನ್ ಲೋಹದಲ್ಲಿ 12 ಕೆಲ್ವಿನ್ ಹತ್ತಿರ ಅತಿವಾಹಕತೆ ಕಂಡರು. ಇಟ್ರಿಯಂ ಬದಲು ಎರ್ಬಿಯಂ ಇಟ್ಟ ಇದೇ ಬಳಗದ ಹರಳಿನಲ್ಲಿ ಕಾಂತವೂ ಅತಿವಾಹಕತೆಯೂ ಒಂದೇ ಸೂರಿನಡಿ ಇರುತ್ತವೆ. ಮುಂಬೈ ನಮಗೆ ರಾತ್ರಿ ಬಸ್ಸಿನ ದೂರ. 2023ರಲ್ಲಿ ಒಪ್ಪಿಗೆ ಸಿಕ್ಕ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಇದೆ. ಅದರಲ್ಲಿ ಹರಳು ಬೆಳೆಸುವವರಿಗೆ, ಹೀಲಿಯಂ ಯಂತ್ರ ನೋಡಿಕೊಳ್ಳುವವರಿಗೆ ಒಳ್ಳೆಯ ಪಾಲು ಸಿಗಬೇಕು ಎಂದು ನನ್ನ ಬಲವಾದ ಅಭಿಪ್ರಾಯ. ಮೇಲಿನ ಕಥೆಯಲ್ಲಿ ಪ್ರತಿ ತಿರುವು ಬಂದದ್ದು ಇನ್ನೂ ಶುದ್ಧವಾದ ಹರಳಿನಿಂದ.

ಉಳಿದ ಅರ್ಧ ಉತ್ತರವನ್ನು ಇಂಡಿಯ ಹುಡುಗಿಗೆ ಹೇಳಲು ನನಗೆ ಎರಡು ಕ್ಲಾಸ್ ಹಿಡಿಯಿತು. ಕೊನೆಗೆ ಬೋರ್ಡಿನ ಮೇಲೆ ಒಂದು ಸರಳ ಲೆಕ್ಕ ಕೊಟ್ಟೆ. ಮೇಲೊಂದು ಕೆಳಗೊಂದು ಸ್ಪಿನ್ ಇರುವ ಮಾಮೂಲಿ ಜೋಡಿ ಎಷ್ಟು ಟೆಸ್ಲಾ ತಡೆಯುತ್ತದೆ? ಅತಿವಾಹಕತೆ ಶುರುವಾಗುವ ಕೆಲ್ವಿನ್ ಅಂಕಿಯನ್ನು 1.86ರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಯುರೇನಿಯಂ ಡೈಟೆಲ್ಯುರೈಡ್‌ಗೆ ಮಾಡಿ ನೋಡಿ ಎಂದೆ. ಅವಳು 2.1 ಹಾಕಿ ಗುಣಿಸಿದಳು. 3.9 ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಪಕ್ಕದಲ್ಲಿ 60 ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, "ಸರ್, ಇದು ಯಾಕ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲೇನ್ರಿ?" ಅಂದಳು. ಇಲ್ಲವ್ವಾ ಎಂದೆ. ಅವಳು ನೋಟ್‌ಬುಕ್ಕಿನ ಆ ಹಾಳೆಯ ಮೂಲೆ ಮಡಚಿಟ್ಟುಕೊಂಡಳು.